ಪೈಪಿನ ಬಾಯಲ್ಲಿದ್ದ ಬಟ್ಟೆ

"ತಪ್ಪು ಸರಿಹೋದ ಮೇಲೂ ಅದನ್ನ ಬಾಯಿಬಿಟ್ಟು ಹೇಳಲೇಬೇಕಾ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಮಠದ ಅಡುಗೆಯವರು ಆ ಹೊತ್ತಿಗೆ ಒಳಗೆ ಗಂಟುಮೂಟೆ ಕಟ್ಟುತ್ತಿದ್ದರು. ಹಿಂದಿನ ದಿನ ನೈವೇದ್ಯಕ್ಕಿಟ್ಟ ಕಡುಬನ್ನು ಮಂಗಗಳು ತಿಂದುಹೋಗಿದ್ದವು. ಅಡುಗೆಮನೆಯ ಕಿಟಕಿ ತೆರೆದಿಟ್ಟದ್ದು ಅವರೇ ಎಂದು ಮಠವೆಲ್ಲ ತೀರ್ಮಾನಿಸಿತ್ತು. ಅವರು ಕೆಲಸ ಬಿಟ್ಟು ಊರಿನ ಬಸ್ಸಿಗೆ ಹೊರಟಿದ್ದರು. ಶಿಷ್ಯ ಮಾತ್ರ ಯಾರೂ ಹೇಳದಿದ್ದರೂ ಬೆಳಿಗ್ಗೆ ಬೇಗನೆ ಎದ್ದು ಆ ಕಿಟಕಿಗೆ ಹೊಸ ಚಿಲಕ ಹಾಕಿದ್ದ.

ಗುರುಗಳು ಚಿಲಕದ ವಿಷಯ ಎತ್ತಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಗೃಹಸ್ಥನಿದ್ದ. ಅವನ ಮನೆಯ ವಾಷಿಂಗ್ ಮಷೀನು ಒಂದು ದಿನ ತಿರುಗದೆ ನಿಂತುಬಿಟ್ಟಿತು. ಬಟ್ಟೆ ಒಗೆಯಿತು, ಹಿಂಡುವ ಹೊತ್ತಿಗೆ ಸುಮ್ಮನಾಯಿತು. ಮುಚ್ಚಳ ತೆಗೆದರೆ ಒಳಗೆ ತುಂಬ ನೊರೆನೀರು. ಅದೇ ದಿನ ಸೊಸೆಯ ತಾಯಿ ಮಗಳನ್ನು ನೋಡಲು ಬಂದಿದ್ದರು.

ಗೃಹಸ್ಥ ಪಂಚೆ ಎತ್ತಿ ಕಟ್ಟಿದ. ಸ್ವಿಚ್ಚು ಆರಿಸಿ ಹಾಕಿದ. ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ, ಆಮೇಲೆ ಜೋರಾಗಿ ಮುಚ್ಚಿದ. ಒಂದು ಕಾಲು ಅಲ್ಲಾಡುತ್ತದೆಂದು ಯಾರದೋ ಮದುವೆಯ ಕರೆಯೋಲೆ ಮಡಚಿ ಅಡಿಗಿಟ್ಟ. ಹೆಂಡತಿ ನಿಂಬೆಹಣ್ಣು ತಂದು ದೃಷ್ಟಿ ತೆಗೆದಳು. ನಿಂಬೆಹಣ್ಣು ತಿರುಗಿತು, ಮಷೀನು ತಿರುಗಲಿಲ್ಲ.

ಸೋತವನಿಗೆ ಕೋಪ ಬಂತು. ಕಾಫಿ ಲೋಟ ಹಿಡಿದು ಕೂತಿದ್ದ ಬೀಗಿತ್ತಿಯ ಎದುರಿಗೇ ಸೊಸೆಗೆ ಅಂದ:

"ಸಿಕ್ಕಿದ್ದೆಲ್ಲ ತುರುಕಿದರೆ ಅದಾದರೂ ಏನು ಮಾಡುತ್ತಮ್ಮ? ತಪ್ಪು ನಿಂದಲ್ಲ ಬಿಡು. ನಿಮ್ಮ ಮನೇಲಿ ಮಷೀನು ಇರಲಿಲ್ಲವಲ್ಲ, ಗೊತ್ತಾಗೋದು ಹೇಗೆ?"

"ನಾಲ್ಕು ಟವೆಲ್ಲು ಹಾಕಿದ್ದೆ ಮಾವ," ಎಂದಳು ಸೊಸೆ. ಅವಳ ತಾಯಿ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು.

ಗೃಹಸ್ಥ ರಿಪೇರಿಯವನಿಗೆ ಫೋನು ಮಾಡಲು ಮನೆಯ ಪಕ್ಕದ ಓಣಿಗೆ ಬಂದ. ಮಷೀನಿನ ನೀರು ಬಂದು ಬೀಳುವ ಜಾಗ ಒಣಗಿತ್ತು. ಅವನ ಕಣ್ಣು ಪೈಪಿನ ಮೇಲೆ ಹೋಯಿತು. ಪೈಪಿನ ಬಾಯಲ್ಲಿ ಒಂದು ಪಟ್ಟಾಪಟ್ಟಿ ಚಡ್ಡಿ ಸಿಕ್ಕಿಕೊಂಡಿತ್ತು. ಚಡ್ಡಿ ಅವನದೇ. ಆ ಬೀದಿಗೆಲ್ಲ ಇನ್ನೂ ಅಂಥದ್ದು ತೊಡುತ್ತಿದ್ದವನು ಅವನೊಬ್ಬನೇ.

ಆಗ ನೆನಪಾಯಿತು. ಎದುರು ಮನೆಯಾಕೆ, "ನಿಮ್ಮನೆ ನೊರೆ ಬಂದು ನಮ್ಮ ರಂಗೋಲಿ ತೊಳ್ಕೊಂಡು ಹೋಗ್ತಿದೆ ಯಜಮಾನರೇ," ಎಂದಿದ್ದಳು. ಹಿಂದಿನ ದಿನ ಹಬ್ಬದ ಬೆಳಿಗ್ಗೆ ಹಾಗಾಗದಿರಲಿ ಎಂದು ಇವನೇ ಪೈಪಿಗೆ ಹಳೇ ಚಡ್ಡಿ ತುರುಕಿದ್ದ. ಹಬ್ಬ ಮುಗಿಯಿತು. ಚಡ್ಡಿ ಮರೆತುಹೋಯಿತು. ನೀರು ಹೊರಗೆ ಹೋಗದೆ ಮಷೀನು ತಿರುಗುವುದು ಹೇಗೆ?

ಆ ಕಡೆ ಈ ಕಡೆ ನೋಡಿ ಎಳೆದ. ನೀರು ಅವನ ಕಾಲಮೇಲೆಲ್ಲ ನುಗ್ಗಿತು. ಸ್ವಲ್ಪ ಹೊತ್ತಿಗೆ ಒಳಗೆ ಮಷೀನು ಗಿರ್ರನೆ ತಿರುಗತೊಡಗಿತು. ಅವನು ಚಡ್ಡಿಯನ್ನು ಹಿಂಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮೇಲೆ ಅಂಗಿ ಇಳಿಬಿಟ್ಟು ಒಳಗೆ ಬಂದ.

"ನೀವು ಕೈಯಿಟ್ಟರೆ ಆಗದ್ದುಂಟಾ ಬೀಗರೇ," ಎಂದರು ಸೊಸೆಯ ತಾಯಿ. ಸೊಸೆ ತಲೆ ತಗ್ಗಿಸಿ, "ತಪ್ಪಾಯ್ತು ಮಾವ, ಇನ್ನು ಕಡಿಮೆ ಹಾಕ್ತೀನಿ," ಎಂದಳು.

ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅವನ ಸೊಂಟದಿಂದ ತೊಟ್ಟಿಕ್ಕಿದ ನೀರು ತೊಡೆಗುಂಟ ಇಳಿಯುತ್ತಿತ್ತು. ಅವನು ಬಾಯಿ ತೆರೆದ. "ಇರಲಿ ಬಿಡಮ್ಮ," ಎಂದು ಅವಳನ್ನು ಕ್ಷಮಿಸಿಬಿಟ್ಟ.

ಬೀಗಿತ್ತಿ ಊಟಕ್ಕೆ ನಿಲ್ಲದೆ ಹೊರಟರು. ಅಂದಿನಿಂದ ಮಷೀನು ಒಂದು ದಿನವೂ ಕೆಡಲಿಲ್ಲ. ಸೊಸೆ ಮಾತ್ರ ಅದನ್ನು ಮತ್ತೆ ಮುಟ್ಟಲಿಲ್ಲ. ತನ್ನ ಬಟ್ಟೆಯನ್ನು ಹಿತ್ತಲ ಕಲ್ಲಿನ ಮೇಲೆ ಒಗೆದುಕೊಂಡಳು. ಬೆಳಿಗ್ಗೆ ಪೇಪರು ಹಿಡಿದು ಕೂತ ಗೃಹಸ್ಥನಿಗೆ ಆ ಸದ್ದು ಕೇಳುತ್ತಿತ್ತು. ಅವನು ಕುರ್ಚಿಯನ್ನು ನಡುಮನೆಗೆ ಹಾಕಿಸಿದ. ಅಲ್ಲಿಗೂ ಕೇಳಿತು. ಜಗಲಿಗೆ ಹಾಕಿಸಿದ. ಅಲ್ಲಿಗೂ ಕೇಳಿತು. ಅವಳೇನೂ ಜೋರಾಗಿ ಒಗೆಯುತ್ತಿರಲಿಲ್ಲ.

ಗುರುಗಳ ಕತೆ ಅಲ್ಲಿಗೆ ನಿಂತಿತು. ಶಿಷ್ಯನ ಕಿವಿ ಕೆಂಪಾಗಿತ್ತು.

"ಕೊನೆಗೆ ಅವನು ಸೊಸೆಗೆ ಹೇಳಿದನಾ, ಗುರುಗಳೇ?"

ಗುರುಗಳು ಬಾಗಿಲ ಕಡೆ ನೋಡಿದರು. ಅಡುಗೆಯವರು ಗಂಟನ್ನು ಹೆಗಲಿಗೇರಿಸಿ ಮಠದ ಮೆಟ್ಟಿಲು ಇಳಿಯುತ್ತಿದ್ದರು.

"ಬಸ್ಸು ಇನ್ನೂ ಬಂದಿಲ್ಲ," ಎಂದರು.