ಜೋಯಿಸನ ಎರಡು ಡಿಸ್ಕು

"ಬುದ್ಧಿ, ನನ್ನಲ್ಲಿ ಇನ್ನೂ ಏನು ಕಡಿಮೆಯಿದೆ?" ಎಂದು ಚನ್ನವೀರ ಕೇಳಿದ.

ಅವನು ಮಠದ ಶಿಷ್ಯ. ಶ್ರಾವಣದ ಪ್ರವಚನವನ್ನು ಗುರುಗಳು ಈ ವರ್ಷ ಅವನಿಗೇ ವಹಿಸಿದ್ದರು. ಅವರು ಕಲಿಸಿದ್ದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಅವರ ದನಿಯ ಏರಿಳಿತ ಕೂಡ ಬಂದಿತ್ತು. ಆದರೂ ಎರಡು ಸಂಜೆ ಪೀಠದ ಮೇಲೆ ಕೂತು, ಮಾತು ಹೊರಡದೆ ಇಳಿದು ಬಂದಿದ್ದ.

"ನೀವು ಪಕ್ಕದಲ್ಲೇ ಕೂತಿರುತ್ತೀರಿ. ಆದರೂ ಬಾಯಿ ಕಟ್ಟಿಹೋಗುತ್ತದೆ. ಇವತ್ತೂ ಹೀಗೇ ಆದರೆ ನಾನು ಮಠ ಬಿಟ್ಟು ಹೋಗುತ್ತೇನೆ, ಬುದ್ಧಿ."

"ಹೋಗುವೆಯಂತೆ. ಹೋಗುವವನಿಗೆ ಬುತ್ತಿ ಬೇಕಲ್ಲ, ಒಂದು ಕತೆ ಕಟ್ಟಿಕೊಡುತ್ತೇನೆ" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಜೋಯಿಸನಿದ್ದ. ಪ್ರತಿ ಯುಗಾದಿಗೆ ಪಂಚಾಂಗ ಹೊರಡಿಸುವುದು ಅವನ ಕಸುಬು. ಸುತ್ತಲಿನ ಹಳ್ಳಿಗಳವರು ಲಗ್ನಕ್ಕೂ ಬಿತ್ತನೆಗೂ ಅದನ್ನೇ ನೋಡುತ್ತಿದ್ದರು. ತಂದೆ ಕವಡೆ ಇಟ್ಟು ಹಾಕುತ್ತಿದ್ದ ಲೆಕ್ಕವನ್ನು ಇವನು ಕಂಪ್ಯೂಟರಿನಲ್ಲಿ ಹಾಕುತ್ತಿದ್ದ. ಆ ಲೆಕ್ಕ ಆ ಒಂದು ಯಂತ್ರದಲ್ಲಲ್ಲದೆ ಬೇರೆಲ್ಲೂ ನಡೆಯುತ್ತಿರಲಿಲ್ಲ.

ಯುಗಾದಿ ಹತ್ತಿರ ಬಂದಾಗ ಯಂತ್ರದ ಡಿಸ್ಕು ಕೆಡುವ ಸೂಚನೆ ಕೊಟ್ಟಿತು. ಜೋಯಿಸ ಜಾಣ. ಅದು ಪೂರ್ತಿ ಕೈಕೊಡುವ ಮೊದಲೇ ಹೊಸ ಡಿಸ್ಕು ತಂದು, ಹಳೆಯದರಲ್ಲಿದ್ದುದನ್ನೆಲ್ಲ ಒಂದಕ್ಷರ ಬಿಡದೆ ನಕಲು ಮಾಡಿದ. ಹೊಸದನ್ನು ಯಂತ್ರದೊಳಗೆ ಕೂರಿಸಿದ. ಹಳೆಯದನ್ನು ಮಾತ್ರ ತೆಗೆಯಲಿಲ್ಲ. ಪ್ರತಿ ಆಯುಧಪೂಜೆಗೂ ಆ ಕಂಪ್ಯೂಟರಿನ ಪೆಟ್ಟಿಗೆಗೆ ಕುಂಕುಮವಿಟ್ಟು ಕೈಮುಗಿದವನು ಅವನು. ಇಷ್ಟು ಕಾಲ ಅನ್ನ ಕೊಟ್ಟದ್ದನ್ನು ಹೊರಗೆ ಹಾಕುವುದು ಹೇಗೆ? ಒಂದು ಮೂಲೆಯಲ್ಲಿ ಇರಲಿ ಬಿಡು ಎಂದುಕೊಂಡ. ಅಂಥ ಮನಸ್ಸು ಅವನದು. ಅದನ್ನು ನಾನು ಕೆಟ್ಟದ್ದು ಎನ್ನಲಾರೆ.

ಗುಂಡಿ ಒತ್ತಿದ. ದೀಪ ಹತ್ತಿತು, ಪರದೆ ಕಪ್ಪಾಗಿಯೇ ಉಳಿಯಿತು. ಮತ್ತೆ ಒತ್ತಿದರೂ ಅಷ್ಟೇ.

ಪಂಚಾಂಗ ಅಚ್ಚು ಹಾಕಬೇಕಾಗಿದ್ದ ಪ್ರೆಸ್ಸಿನ ಯಜಮಾನ ಓಡಿ ಬಂದ.

"ಜೋಯಿಸರೇ, ಕಾಗದ ಬಂದು ಕೂತಿದೆ. ಹೊಸದನ್ನ ಪೂರ್ತಿ ಅಳಿಸಿ ಮೊದಲಿಂದ ತುಂಬಿಸಿಬಿಡಿ ಅತ್ಲಾಗೆ."

"ಹಳೇದು ಇನ್ನೊಂದು ಸಲ ಓದಿಸಿಕೊಳ್ಳುತ್ತೋ ಇಲ್ಲವೋ ಯಾರಿಗೆ ಗೊತ್ತು? ಸಿಟ್ಟಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುತ್ತಾ ಯಜಮಾನರೇ? ತಾಳಿ."

ಆ ತಾಳ್ಮೆಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ, ಚನ್ನವೀರ. ಬೇರೆಯವನಾಗಿದ್ದರೆ ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಡಿಸ್ಕು ಕೊಟ್ಟ ಅಂಗಡಿಯವನ ಜನ್ಮ ಜಾಲಾಡುತ್ತಿದ್ದ. ಆದರೆ ಗ್ರಹಣದ ಲೆಕ್ಕ ತಪ್ಪಿತೆಂದು ಒಳ್ಳೆಯ ಜೋಯಿಸ ಆಕಾಶವನ್ನು ಬೈಯುವುದಿಲ್ಲ. ಹಿಂದಕ್ಕೆ ಹೋಗಿ ತನ್ನ ಒಂದೊಂದೇ ಹೆಜ್ಜೆಯನ್ನು ಪರೀಕ್ಷಿಸುತ್ತಾನೆ. ಇವನೂ ಹಾಗೇ ಮಾಡಿದ. ಒಂದನ್ನು ಬದಲಿಸಿ ನೋಡಿದ. ಸರಿಹೋಗದಿದ್ದರೆ ಅದನ್ನು ಮೊದಲಿನಂತೆಯೇ ಇಟ್ಟು ಇನ್ನೊಂದಕ್ಕೆ ಕೈಹಾಕಿದ. ತಂತಿ ಬದಲಿಸಿದ. ಹೊಸ ಡಿಸ್ಕನ್ನು ಒಯ್ದು ಪಕ್ಕದ ಮನೆಯ ಕಂಪ್ಯೂಟರಿಗೆ ಜೋಡಿಸಿ ನೋಡಿದ. ಎಲ್ಲವೂ ಇತ್ತು, ಒಂದು ತಿಥಿಯೂ ಕಳೆದಿರಲಿಲ್ಲ. ಹಾಗಾದರೆ ನಕಲಿನಲ್ಲಿ ದೋಷವಿಲ್ಲ ಎಂದುಕೊಂಡು ಅದನ್ನು ತಂದು ಮೊದಲಿನ ಜಾಗದಲ್ಲೇ ಕೂರಿಸಿದ.

ಕೊನೆಗೆ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟು, ಗುಂಡಿ ಒತ್ತಿ, ಕಿವಿಗೊಟ್ಟು ಕೂತ. ಹಳೆಯ ಡಿಸ್ಕು ಟಕ್ ಟಕ್ ಎನ್ನುತ್ತಿತ್ತು. ಆಗ ಅವನಿಗೆ ತಿಳಿಯಿತು. ಯಂತ್ರ ರೂಢಿಯಂತೆ ಮೊದಲು ಅದರ ಬಾಗಿಲನ್ನೇ ಬಡಿಯುತ್ತಿತ್ತು. ಅದಕ್ಕೋ ಎದ್ದು ಬರುವ ಶಕ್ತಿ ಉಳಿದಿರಲಿಲ್ಲ. ಅದು ಎದ್ದೀತೆಂದು ಯಂತ್ರ ಕಾಯುತ್ತಲೇ ಇತ್ತು. ಎಲ್ಲವನ್ನೂ ತುಂಬಿಕೊಂಡ ಹೊಸದು ಪಕ್ಕದಲ್ಲೇ ಇದ್ದರೂ ಅದನ್ನು ಕೇಳುವವರೇ ಇರಲಿಲ್ಲ.

ಜೋಯಿಸನ ಕೈ ಒಮ್ಮೆ ತಡೆಯಿತು. ಆಮೇಲೆ ಹಳೆಯದನ್ನು ಬಿಚ್ಚಿ, ಕಣ್ಣಿಗೊತ್ತಿಕೊಂಡು, ಹೊರಗಿಟ್ಟ. ಗುಂಡಿ ಒತ್ತಿದ. ಪರದೆ ಬೆಳಗಿತು. ಆ ಯುಗಾದಿಗೆ ಪಂಚಾಂಗ ಮನೆಮನೆ ಸೇರಿತು. ಎಂಥ ಮನುಷ್ಯ! ತನ್ನ ಭಕ್ತಿಯೇ ಅಡ್ಡಿಯಾಗಿರಬಹುದೆಂದು ಹುಡುಕಿ ನೋಡುವ ಧೈರ್ಯ ಎಷ್ಟು ಜನಕ್ಕಿದೆ?

ಗುರುಗಳು ಕತೆ ನಿಲ್ಲಿಸಿದರು.

"ಹಳೆಯದನ್ನು ಹೊರಗಿಡುವಾಗ ಜೋಯಿಸನಿಗೆ ಸಂಕಟವಾಗಲಿಲ್ಲವೇ, ಬುದ್ಧಿ?" ಎಂದು ಚನ್ನವೀರ ಕೇಳಿದ.

"ಅವನಿಗಾಯಿತು, ಹಳೆಯದಕ್ಕಾಗಲಿಲ್ಲ; ಇವತ್ತು ಸಂಜೆ ಪೀಠದ ಪಕ್ಕದಲ್ಲಿ ನನಗೆ ಚಾಪೆ ಹಾಸಬೇಡ."

ಆ ಸಂಜೆ ಚನ್ನವೀರ ಚಾಪೆ ಹಾಸದೆ ಪೀಠವೇರಿದ.