ಗೋಡೆಯಾಚೆಯ ಕಕ್ಷಿದಾರರು

"ಗುರುಗಳೇ, ಸೋಲು ಖಚಿತವೆಂದು ಗೊತ್ತಿದ್ದೂ ಒಬ್ಬನು ವ್ಯಾಜ್ಯ ಹಿಡಿದರೆ, ಅವನನ್ನು ಧೀರನೆನ್ನಬೇಕೋ ಹುಚ್ಚನೆನ್ನಬೇಕೋ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ರಾಜ್ಯದಲ್ಲಿ ಊರಿನ ಹಿರಿಯರನ್ನು ಜನರೇ ಆರಿಸುವ ಪದ್ಧತಿಯಿತ್ತು. ವರ್ಷಕ್ಕೊಮ್ಮೆ ಸಭಾಮಂಟಪದಲ್ಲಿ ಗಡಿಗೆ ಇಡುತ್ತಿದ್ದರು. ಜನ ಬಂದು ತಮಗೆ ಬೇಕಾದವರ ಹೆಸರು ಬರೆದ ಓಲೆಯನ್ನು ಅದರೊಳಗೆ ಹಾಕುತ್ತಿದ್ದರು. ಹೊಸದಾಗಿ ಪಟ್ಟಕ್ಕೆ ಬಂದ ಅರಸ ಗಡಿಗೆಯನ್ನು ಒಡೆಸಿ, ಮಂಟಪಕ್ಕೆ ಬೀಗ ಹಾಕಿಸಿದ. ಯಾಕೆ ಎಂದು ಕೇಳಿದವರು ಒಬ್ಬೊಬ್ಬರಾಗಿ ಕಾಣೆಯಾದರು. ಮನೆಯವರು ವಿಚಾರಿಸಲು ಹೋದರೆ, "ಅಂಥ ಹೆಸರಿನವರು ನಮ್ಮ ದಫ್ತರದಲ್ಲಿಲ್ಲ" ಎಂಬ ಉತ್ತರ ಬರುತ್ತಿತ್ತು.

ಆ ರಾಜ್ಯದಲ್ಲಿ ಒಬ್ಬ ವಕೀಲನಿದ್ದ. ಕಾಣೆಯಾದವರ ಪರವಾಗಿ ನ್ಯಾಯಸ್ಥಾನದಲ್ಲಿ ನಿಂತು ವಾದಿಸುತ್ತಿದ್ದವನು ಅವನೊಬ್ಬನೇ. ವರ್ಷಗಟ್ಟಲೆ ವಾದಿಸಿ ಎಲ್ಲ ವ್ಯಾಜ್ಯಗಳನ್ನೂ ಸೋತ. ಕೊನೆಗೊಂದು ದಿನ ಮಂಟಪದ ಮುಂದೆ ನಿಂತು, "ಇದು ಅರಸನ ಮನೆಯಲ್ಲ, ನಮ್ಮದು. ಬೀಗ ತೆಗೆಯಿರಿ" ಎಂದ. ಅವನನ್ನು ಹಿಡಿದು ಬೆಟ್ಟದ ಬಂದೀಖಾನೆಗೆ ಹಾಕಿದರು.

ಆ ಬಂದೀಖಾನೆಯನ್ನು ಬಂಡೆಯಲ್ಲಿ ಕೊರೆದಿದ್ದರು. ವಕೀಲನ ಕೋಣೆಯೇ ಕೊನೆಯದು. ಅದರಾಚೆ ಬರೀ ಬಂಡೆ. ಅವನ ಮೇಲೆ ಒಬ್ಬ ಕಾವಲುಗಾರನನ್ನು ಇಟ್ಟರು. ಕಾವಲುಗಾರ ಕೆಟ್ಟವನಲ್ಲ. ಹೊತ್ತಿಗೆ ಸರಿಯಾಗಿ ಅಂಬಲಿ ಕೊಡುತ್ತಿದ್ದ, ನೀರು ಕೊಡುತ್ತಿದ್ದ, ಕೈದಿಯೊಡನೆ ಮಾತಾಡಬಾರದೆಂಬ ಆಜ್ಞೆಯನ್ನು ಪಾಲಿಸುತ್ತಿದ್ದ.

ಎರಡು ತಿಂಗಳ ಮೇಲೆ ಅವನು ಒಂದು ವಿಚಿತ್ರ ಕಂಡ. ನಡುಮಧ್ಯಾಹ್ನದ ಗಂಟೆ ಹೊಡೆದೊಡನೆ ವಕೀಲ ಬಂಡೆಗೆ ಕಿವಿಗೊಟ್ಟು ಕೂರುತ್ತಿದ್ದ. ನಡುನಡುವೆ ತಲೆಯಾಡಿಸುತ್ತಿದ್ದ. "ನಿಧಾನ, ಒಬ್ಬೊಬ್ಬರೇ ಹೇಳಿ" ಎನ್ನುತ್ತಿದ್ದ. ಒಂಟಿತನಕ್ಕೆ ತಲೆ ಕೆಟ್ಟಿತು ಪಾಪ, ಎಂದು ಕಾವಲುಗಾರ ಮರುಗಿದ. ಆದರೂ ಒಂದು ದಿನ, ವಕೀಲನನ್ನು ಬೇರೆ ಕಾವಲಿನವರು ಸ್ನಾನಕ್ಕೆ ಕರೆದೊಯ್ದಿದ್ದಾಗ, ತಾನೂ ಗೋಡೆಗೆ ಕಿವಿಯಿಟ್ಟ. ಏನೂ ಕೇಳಿಸಲಿಲ್ಲ. ಬಂಡೆ ಮಾತ್ರ ಮನುಷ್ಯನ ಮೈಯಷ್ಟು ಬೆಚ್ಚಗಿತ್ತು.

ಅಂದು ಅವನು ಆಜ್ಞೆ ಮೀರಿದ. "ಯಾರ ಜೊತೆ ಮಾತಾಡುತ್ತೀರಿ ಸ್ವಾಮಿ?"

"ನನ್ನ ಕಕ್ಷಿದಾರರ ಜೊತೆ," ಎಂದ ವಕೀಲ. "ನಿನ್ನೆ ಮಾತಾಡಿದವನು ನೇರಲಹಾಳಿನ ಗಾಣಿಗರ ಬೈಚಪ್ಪ. ತನ್ನ ವಿಷಯ ಹೇಳುವ ಮೊದಲು, ಗಾಣಕ್ಕೆ ಕಟ್ಟಿದ್ದ ಎತ್ತಿನ ಕಣ್ಣುಪಟ್ಟಿ ಯಾರಾದರೂ ಬಿಚ್ಚಿದರಾ ಎಂದು ಕೇಳಿದ. ನನಗೆ ಗೊತ್ತಿಲ್ಲ. ನಿನಗೆ ಗೊತ್ತೇ?"

ಕಾವಲುಗಾರ ಬಾಗಿಲು ಹಾಕಿಕೊಂಡು ಬಂದ. ಆದರೆ ಆ ಎತ್ತು ಅವನ ತಲೆಯಿಂದ ಹೋಗಲಿಲ್ಲ. ಸುಳ್ಳೆಂದು ತಿಳಿದರೆ ನೆಮ್ಮದಿಯಾದೀತು ಎಂದುಕೊಂಡು, ಮುಂದಿನ ರಜೆಯಲ್ಲಿ ನೇರಲಹಾಳಿಗೆ ನಡೆದ. ಗಾಣಿಗರ ಮನೆಯ ಮುಂದೆ ಒಬ್ಬ ಮುದುಕಿ ಎಳ್ಳು ಕೇರುತ್ತಿದ್ದಳು. ಅವನು ತಾನು ಯಾರೆಂದು ಹೇಳಲಿಲ್ಲ. ಗಾಣದ ಎತ್ತಿನ ಕಣ್ಣುಪಟ್ಟಿ ಯಾರಾದರೂ ಬಿಚ್ಚಿದರಾ ಎಂದಷ್ಟೇ ಕೇಳಿದ.

ಮುದುಕಿಯ ಕೈಯಲ್ಲಿ ಮೊರ ನಿಂತಿತು.

"ಹನ್ನೆರಡು ವರ್ಷ ಆಯಿತಪ್ಪ," ಎಂದಳು. "ನನ್ನ ಮಗನನ್ನು ಗಾಣದ ಮುಂದಿನಿಂದಲೇ ಎಳೆದುಕೊಂಡು ಹೋದರು. ನನ್ನನ್ನು ಹೊರಗೆ ದಬ್ಬಿ ಗಾಣದ ಮನೆಗೆ ಮುದ್ರೆ ಹಾಕಿದರು. ಒಳಗೆ ಎತ್ತು ಸುತ್ತುತ್ತಲೇ ಇತ್ತು. ಮೂರು ದಿನ ಊರೆಲ್ಲ ಗಾಣದ ಸದ್ದು ಕೇಳಿತು. ಮುದ್ರೆ ಒಡೆಯಲು ಯಾರಿಗೂ ಧೈರ್ಯ ಬರಲಿಲ್ಲ. ನಾಲ್ಕನೆಯ ದಿನ ಸದ್ದು ನಿಂತಿತು." ಆಮೇಲೆ ಅವನ ಮುಖವನ್ನೇ ನೋಡಿದಳು. "ಎತ್ತನ್ನು ವಿಚಾರಿಸಿದ ಮಗ ನನ್ನನ್ನು ವಿಚಾರಿಸಲಿಲ್ಲವೇನಪ್ಪ?"

ಕಾವಲುಗಾರ ಬಂದ ದಾರಿಯಲ್ಲೇ ತಿರುಗಿ ನಡೆದ.

ಅವನು ಬೆಟ್ಟಕ್ಕೆ ಮರಳಿದ ದಿನವೇ ಅರಸನ ಮಂತ್ರಿಯೂ ಅಲ್ಲಿಗೆ ಬಂದ. ಕಾಣೆಯಾದವರ ಬಗ್ಗೆ ಹೊರದೇಶದ ರಾಯಭಾರಿಗಳು ಕೇಳತೊಡಗಿದ್ದರು. ಅರಸನಿಗೆ ವಕೀಲನ ರುಜುವಿರುವ ಒಂದು ಕಾಗದ ಬೇಕಿತ್ತು. "ಈ ಬಂದೀಖಾನೆಯಲ್ಲಿ ನನ್ನ ಹೊರತು ಬೇರೆ ಯಾರನ್ನೂ ಇಟ್ಟಿಲ್ಲ, ಇಟ್ಟಿರಲೂ ಇಲ್ಲ" ಎಂದು ಅದರಲ್ಲಿ ಬರೆದಿತ್ತು.

"ರುಜು ಹಾಕು. ಸಂಜೆಯ ಊಟ ಹೆಂಡತಿ ಮಕ್ಕಳ ಜೊತೆ ಮಾಡುವೆಯಂತೆ," ಎಂದ ಮಂತ್ರಿ.

ವಕೀಲ ಕಾಗದವನ್ನು ಎರಡು ಸಲ ಓದಿದ. "ಕಕ್ಷಿದಾರರನ್ನು ಕೇಳದೆ ನಾನು ರುಜು ಹಾಕುವಂತಿಲ್ಲ" ಎಂದು ಅವನು ಗೋಡೆಯತ್ತ ತಿರುಗಿ ಕುಳಿತ. ಮಂತ್ರಿ ನಕ್ಕ. ನಗು ಮುಗಿದ ಮೇಲೂ ವಕೀಲ ಕೇಳುತ್ತಲೇ ಇದ್ದ. ಕೊನೆಗೆ ಅವನು ಕಾಗದವನ್ನು ಹಿಂದಿರುಗಿಸಿದ.

"ಅವರು ಒಪ್ಪಲಿಲ್ಲ," ಎಂದ.

ಮಂತ್ರಿ ಕಾವಲುಗಾರನ ಕಡೆಗೆ ತಿರುಗಿದ. "ನೀನು ದಿನವಿಡೀ ಇಲ್ಲೇ ಇರುವವನು. ಈ ಗೋಡೆಯಾಚೆಯಿಂದ ಯಾವತ್ತಾದರೂ ದನಿ ಕೇಳಿದ್ದೀಯಾ?"

"ಇಲ್ಲ," ಎಂದ ಕಾವಲುಗಾರ. ಅದು ಸುಳ್ಳಲ್ಲ. ಆದರೆ ಬಂಡೆ ಬೆಚ್ಚಗಿದ್ದುದನ್ನು ಅವನು ಹೇಳಲಿಲ್ಲ, ಮುದುಕಿಯ ಮಾತನ್ನೂ ಹೇಳಲಿಲ್ಲ.

ವಕೀಲನಿಗೆ ಹುಚ್ಚು ಹಿಡಿದಿದೆ ಎಂದು ಬರೆದುಕೊಂಡರು. ಕೋಣೆಯ ಬಾಗಿಲು ಕಿತ್ತು ಅಲ್ಲಿ ಕಲ್ಲಿನ ಗೋಡೆ ಎಬ್ಬಿಸಿದರು. ಗಾರೆ ಹೊತ್ತು ತಂದವನು ಕಾವಲುಗಾರನೇ. ಕೊನೆಯ ಕಲ್ಲು ಇಡುವಾಗಲೂ ಒಳಗಿನಿಂದ ಕೂಗಾಗಲಿ ಶಾಪವಾಗಲಿ ಬರಲಿಲ್ಲ. ಮರುದಿನ ದಫ್ತರದಲ್ಲಿ ವಕೀಲನ ಹೆಸರಿರಲಿಲ್ಲ.

ಗೋಡೆ ಮುಚ್ಚಿದ ಇಪ್ಪತ್ತೊಂದನೆಯ ದಿನ ನಡುಮಧ್ಯಾಹ್ನದ ಗಂಟೆ ಹೊಡೆಯಿತು. ಹೊರಗೆ ಬಿಸಿಲು ಉರಿಯುತ್ತಿತ್ತು. ಕಾವಲುಗಾರ ಬುತ್ತಿ ಬಿಚ್ಚಿದ್ದ. ಹೊಸ ಗೋಡೆಯ ಹಿಂದಿನಿಂದ ವಕೀಲನ ದನಿ ಬಂತು. ಅದು ನ್ಯಾಯಸ್ಥಾನದಲ್ಲಿ ಮಾತಾಡುವಷ್ಟೇ ಸಾವಧಾನವಾಗಿತ್ತು.

"ಕಾವಲುಗಾರನೇ, ನಿನ್ನ ಹೆಸರೇನು? ಸಾಕ್ಷಿಗಳ ಪಟ್ಟಿಯಲ್ಲಿ ಬರೆಯಬೇಕು."

ಆ ದನಿಯ ಹಿಂದೆ ಬಹಳ ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದಂತಿತ್ತು.

ಕಾವಲುಗಾರನ ಕೈಯಿಂದ ತುತ್ತು ಜಾರಿತು. ಓಡಬೇಕೆನಿಸಿತು, ಓಡಲಿಲ್ಲ. ತುಂಬಾ ಹೊತ್ತಿನ ಮೇಲೆ ಅವನು ಗೋಡೆಗೆ ತನ್ನ ಹೆಸರು ಹೇಳಿದ. ತಂದೆಯ ಹೆಸರು, ಊರಿನ ಹೆಸರು ಹೇಳಿದ. ಬೀಗದ ಕೈಗಳನ್ನು ನೆಲದ ಮೇಲಿಟ್ಟು ಬೆಟ್ಟ ಇಳಿದ. ನೇರಲಹಾಳಿಗೆ ಹೋಗಿ ಮುದುಕಿಗೆ ತಾನು ಯಾರೆಂದು ಹೇಳಿದ. ಆಮೇಲೆ ಸಭಾಮಂಟಪದ ಮುಂದೆ, ಸಂತೆಯ ಜನರ ನಡುವೆ ನಿಂತು, ಕಂಡದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಮರುದಿನದಿಂದ ಅವನೂ ಯಾರ ಕಣ್ಣಿಗೂ ಬೀಳಲಿಲ್ಲ.

ಬೆಟ್ಟಕ್ಕೆ ಬೇರೊಬ್ಬ ಕಾವಲುಗಾರ ಬಂದ. ಮಧ್ಯಾಹ್ನದ ಹೊತ್ತು ಅವನು ಆ ಗೋಡೆಯ ಹತ್ತಿರ ಸುಳಿಯುತ್ತಿರಲಿಲ್ಲವಂತೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ದನಿ ತಗ್ಗಿಸಿ ಕೇಳಿದ: "ಗುರುಗಳೇ, ಆ ಬಂಡೆಯೊಳಗೆ ನಿಜವಾಗಿ ಯಾರಾದರೂ ಇದ್ದರೇ?"

"ಇದ್ದರು ಎಂದು ನಾನು ಹೇಳಿದರೆ, ನೀನು ಈಗಲೇ ಎದ್ದು ಸಾಕ್ಷಿ ಹೇಳಲು ಹೊರಡುತ್ತೀಯಾ?"