ಹೊಳೆಮತ್ತಿ ಬಿಳಿಚಿಕೊಂಡದ್ದು

ಲೋಕ ಆಗಿನ್ನೂ ಹಸಿಯಾಗಿತ್ತು, ಕುಂಬಾರ ಈಗಷ್ಟೇ ತಿಗುರಿಯಿಂದ ಇಳಿಸಿದ ಮಡಕೆಯ ಹಾಗೆ. ಬೆಟ್ಟಕ್ಕೆ ಒರಗಿದರೆ ಬೆನ್ನಿನ ಗುರುತು ಬೀಳುತ್ತಿತ್ತು. ಬಂಡೆಯ ಮೇಲೆ ಮೊಲ ಕುಪ್ಪಳಿಸಿದರೆ ಹೆಜ್ಜೆ ಮೂಡುತ್ತಿತ್ತು. ಮರಗಳ ತೊಗಟೆಯೂ ಹಸಿ, ಮುಟ್ಟಿದವರ ಬೆರಳು ಅದರಲ್ಲಿ ಉಳಿದುಬಿಡುತ್ತಿತ್ತು.

ಮರಗಳಿಗೆ ಆಗ ನಡೆಯಲು ಬರುತ್ತಿತ್ತು. ಎಲ್ಲಿ ನಿಲ್ಲುವುದೆಂದು ತೀರ್ಮಾನವಾಗದೆ, ಬೇರುಗಳನ್ನು ಸೀರೆಯ ನೆರಿಗೆಯ ಹಾಗೆ ಎತ್ತಿಕೊಂಡು ಓಡಾಡುತ್ತಿದ್ದವು. ಬೇರಿಳಿಸಿ ಒಂದು ಮಳೆಗಾಲ ಕಳೆದರೆ ಮುಗಿಯಿತು, ಮರಕ್ಕೆ ಅದೇ ಊರು.

ಆ ಕಾಲದಲ್ಲಿ ಬೊಮ್ಮಿ ಎಂಬ ಹೆಂಗಸು ತನ್ನವರ ಜೊತೆ ಇರಲು ಜಾಗ ಹುಡುಕುತ್ತ ಹೊರಟಳು. ಮುಂದೆ ಬಿಲ್ಲು ಹಿಡಿದ ಗಂಡ ಜಡೆಯ. ಹಿಂದೆ ಕೋಲೂರಿಕೊಂಡು ಅತ್ತೆ ಕೇತವ್ವ. ನಡುವೆ ಒಂದು ಕಂದು ನಾಯಿ. ಅವರ ಜೊತೆಗೆ ಇಬ್ಬರು ಅಕ್ಕತಂಗಿಯರೂ ಬಂದರು, ಅಕ್ಕ ಮತ್ತಿ, ತಂಗಿ ಮತ್ತಿ. ಇಬ್ಬರೂ ಮರಗಳು. ಆಗ ಇಬ್ಬರ ಮೈಯೂ ಒಂದೇ ಬಣ್ಣ, ಒದ್ದೆ ಮಣ್ಣಿನ ಬಣ್ಣ. ಬೊಮ್ಮಿಯ ಕೂಸು ತಂಗಿ ಮತ್ತಿಯ ಕೊಂಬೆಗೆ ಕಟ್ಟಿದ ಜೋಲಿಯಲ್ಲಿ ಮಲಗಿತ್ತು. ತಂಗಿ ನಡೆದರೆ ಸಾಕು, ಜೋಲಿ ತಾನಾಗಿ ತೂಗುತ್ತಿತ್ತು.

ಬೆಟ್ಟ ಹತ್ತಿ, ಬೆಟ್ಟ ಇಳಿದು, ಮತ್ತೆ ಬೆಟ್ಟ ಹತ್ತಿ ಇಳಿದಾಗ ಯಾರೂ ಕಾಲಿಡದ ಒಂದು ಸೀಮೆ ಸಿಕ್ಕಿತು. ಒಂದು ಕಡೆ ಕಲ್ಲುಗುಡ್ಡ. ಅಲ್ಲಿ ಕಾಡುಗೆಣಸು ಇತ್ತು, ಜೇನು ಇತ್ತು, ಆದರೆ ನೀರು ದೂರ. ಇನ್ನೊಂದು ಕಡೆ ಹೊಳೆ. ಹೊಳೆ ಒಂದು ತಿರುವಿನಲ್ಲಿ ನಿಂತು ಆಳವಾದ ಮಡುವಾಗಿತ್ತು. ಹಸಿರು ನೀರು. ತಳ ಕಾಣುತ್ತಿರಲಿಲ್ಲ.

ಜಡೆಯ ಮೊಣಕಾಲೂರಿ ನೀರಿಗೆ ಕೈ ಅದ್ದಿದ.

"ಲೇ ಬೊಮ್ಮಿ, ಇಲ್ನೋಡೇ! ಮೀನು ಬಂದು ಬೆರಳು ಕಚ್ತವೆ. ದಡದ ತುಂಬ ಜಿಂಕೆ ಹೆಜ್ಜೆ, ಕಡವೆ ಹೆಜ್ಜೆ. ಬೇಟೆ ಹುಡುಕ್ಕೊಂಡು ಅಲೆಯೋದೇ ಬೇಡ, ಬೇಟೇನೇ ನಮ್ಮನೆ ಬಾಗಿಲಿಗೆ ನೀರು ಕುಡಿಯೋಕೆ ಬರ್ತದೆ."

"ಇಷ್ಟು ಒಳ್ಳೇ ಜಾಗ ಖಾಲಿ ಯಾಕಿದೆ?" ಎಂದಳು ಬೊಮ್ಮಿ.

ಕೇತವ್ವ ನಕ್ಕಳು. "ನಮಗೇ ಅಂತ ಕಾದಿದೆ ಅನ್ನು. ನಿನಗೆ ಗಂಜಿ ಬಿಸಿಯಿದ್ರೂ ಭಯ, ತಣ್ಣಗಿದ್ರೂ ಭಯ."

ಬೊಮ್ಮಿ ನಗಲಿಲ್ಲ. ನಾಯಿ ನೀರಿನ ತನಕ ಹೋಗಿ, ಮೂಸಿ, ಕುಡಿಯದೆ ಹಿಂದಕ್ಕೆ ಬಂದದ್ದನ್ನು ಅವಳು ನೋಡಿದ್ದಳು.

ಮಡು ಸುಮ್ಮನಿತ್ತು.

ಅಷ್ಟರಲ್ಲಿ ಜಿಂಕೆಗಳು ನೀರಿಗೆ ಇಳಿದವು. ಬೊಮ್ಮಿ ಹತ್ತಿರ ಹೋಗಿ ಕೇಳಿದಳು, "ತಾಯಿ, ಈ ಮಡುವಲ್ಲಿ ಯಾರಿದ್ದಾರೆ?"

"ಕುಡಿಯೋಕೆ ಬಂದವರನ್ನ ಮಾತಾಡಿಸಬೇಡ ಅಕ್ಕಾ" ಎಂದಿತು ಮುದಿ ಜಿಂಕೆ. ಒಂದು ಕಾಲು ಮೇಲೆತ್ತಿಕೊಂಡೇ ಕುಡಿದು ಓಡಿತು. ಉಳಿದವೂ ಓಡಿದವು. ಗುಂಪಿನ ಕೊನೆಯಲ್ಲಿ ಬಂದಿದ್ದ ಮರಿ ಹೋಗುವಾಗ ಬೊಮ್ಮಿಗೆ ಕಾಣಲಿಲ್ಲ. ಕಣ್ಣು ತಪ್ಪಿರಬೇಕು ಎಂದುಕೊಂಡಳು. ಹಾಗೆ ಅಂದುಕೊಂಡರೂ ಕೈ ತಣ್ಣಗಾಯಿತು.

ಮಿಂಚುಳ್ಳಿ ಒಂದು ಮೀನು ಹೆಕ್ಕಿಕೊಂಡು ಮೇಲೆದ್ದಿತು. ಬೊಮ್ಮಿ ಅದನ್ನೂ ಕೇಳಿದಳು.

"ನಾನು ಹಿಡಿದು ಹೋಗೋಳು. ಇಲ್ಲಿ ಮಲಗೋಳಲ್ಲ."

"ಯಾಕೆ?"

"ಮೆಲ್ಲಗೆ. ನೀರಿಗೆ ಕಿವಿ ಇದೆ."

ಕೊನೆಗೆ ಗಾಳಿ ಬಂದು ಅವಳ ಕಿವಿಯ ಪಕ್ಕದ ಕೂದಲನ್ನು ಸರಿಸಿತು. "ನೀರಿನದು" ಎಂದಷ್ಟೇ ಹೇಳಿ ಗುಡ್ಡದ ಕಡೆ ಓಡಿಹೋಯಿತು.

ನೀರಿನದು. ಬೊಮ್ಮಿಗೆ ಗೊತ್ತಾಯಿತು. ಅದಕ್ಕೊಂದು ಹೆಸರಿತ್ತು, ಆದರೆ ಯಾರೂ ಎತ್ತುತ್ತಿರಲಿಲ್ಲ. ಹೆಸರು ಹೇಳಿದರೆ ಕರೆದ ಹಾಗೆ ಎಂದು ಹಿರಿಯರ ನಂಬಿಕೆ. ಕಾಡು, ಹೊಳೆ, ಹಕ್ಕಿ, ಹುಲ್ಲೆ, ಎಲ್ಲರೂ ಹೆಸರು ನುಂಗಿಕೊಂಡೇ ಬದುಕುತ್ತಿದ್ದರು.

"ಅತ್ತೆ, ಇಲ್ಲಿ ನೀರಿನದು ಇದೆಯಂತೆ."

"ಶ್!" ಎಂದಳು ಕೇತವ್ವ. ನಗು ಎಲ್ಲಿ ಹೋಯಿತೋ. "ಸುಮ್ಮನೆ ಬಾಯಿ ಬಿಡಬೇಡ. ಕಾಳಿಟ್ಟು ನೋಡೋಣ. ನೆಲವೇ ಹೇಳ್ತದೆ."

ಇರುವ ಜಾಗವನ್ನು ಅವರು ಹಾಗೆಯೇ ಆರಿಸುತ್ತಿದ್ದರು. ಸಂಜೆ ನೆಲದ ಮೇಲೆ ಒಂದು ಹಿಡಿ ಬಿದಿರಕ್ಕಿ ಗುಡ್ಡೆ ಮಾಡಿ ಮುತ್ತುಗದ ಎಲೆ ಮುಚ್ಚಬೇಕು. ಬೆಳಿಗ್ಗೆ ಗುಡ್ಡೆ ಇಟ್ಟಂತೆಯೇ ಇದ್ದರೆ ಆ ನೆಲ ನಿನ್ನದು. ಕದಲಿದ್ದರೆ ಬೇರೆಯವರದು, ಮುಂದೆ ನಡೆ. ಕೇತವ್ವ ಗುಡ್ಡದ ಮೇಲೆ ಒಂದು ಗುಡ್ಡೆ ಇಟ್ಟಳು, ಮಡುವಿನ ದಡದಲ್ಲಿ ಒಂದು.

ಬೆಳಿಗ್ಗೆ ಗುಡ್ಡದ ಮೇಲಿನ ಎಲೆ ಎತ್ತಿದರೆ ಅಕ್ಕಿಯೇ ಇಲ್ಲ. ಇರುವೆಗಳು ಸಾಲುಗಟ್ಟಿ ಕೊನೆಯ ಕಾಳನ್ನೂ ಹೊತ್ತುಕೊಂಡು ಹೋಗುತ್ತಿದ್ದವು. ಒಂದು ಇಲಿ ಮೀಸೆ ಒರೆಸಿಕೊಂಡು ಬಿಲಕ್ಕೆ ನುಗ್ಗಿತು.

ಮಡುವಿನ ದಡದ ಎಲೆ ಎತ್ತಿದರೆ ಒಂದು ಕಾಳೂ ಕದಲಿರಲಿಲ್ಲ.

"ಆಯ್ತಲ್ಲ!" ಜಡೆಯ ತೊಡೆ ತಟ್ಟಿದ. "ನೆಲವೇ ಹೇಳಿತು. ಇನ್ನು ನಿನ್ನ ತಕರಾರೇನೇ?"

ಬೊಮ್ಮಿ ಬಗ್ಗಿ ನೋಡಿದಳು. ಅಕ್ಕಿಯ ಸುತ್ತ ಮರಳು ನುಣ್ಣಗಿತ್ತು. "ಇರುವೆ ಕೂಡ ಬಂದಿಲ್ಲ" ಎಂದಳು. "ಇಷ್ಟು ದೊಡ್ಡ ಕಾಡಲ್ಲಿ ಒಂದು ಇರುವೆಗೂ ಇಲ್ಲಿಗೆ ಬರೋ ಧೈರ್ಯ ಇಲ್ಲ. ಅತ್ತೆ, ನೀವಾದ್ರೂ ಹೇಳಿ."

ಕೇತವ್ವ ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. "ಹಿರಿಯರು ಹೇಳಿದ್ದು ಕಾಳಿನ ಮಾತು. ಇರುವೆ ಮಾತು ಯಾರೂ ಹೇಳಿಲ್ಲ ಕಣವ್ವಾ" ಎಂದಳು. ದನಿ ಮಾತ್ರ ಮೊದಲಿನಷ್ಟು ಗಟ್ಟಿಯಿರಲಿಲ್ಲ.

ಹಾಗೆ ಗುಡಿಸಲು ಮಡುವಿನ ದಡದಲ್ಲೇ ಎದ್ದಿತು. ನೆರಳು ಬೇಕೆಂದು ಜಡೆಯ ತಂಗಿ ಮತ್ತಿಯನ್ನು ದಡದ ಅಂಚಿಗೆ ಕರೆದ. ತಂಗಿ ನೆರಿಗೆ ಬಿಚ್ಚಿ ಬೇರನ್ನು ಮೆತ್ತನೆಯ ಮಣ್ಣಿಗಿಳಿಸಿದಳು. ಅಕ್ಕ ಮತ್ತಿ ಇಳಿಸಲಿಲ್ಲ. "ನಾನು ಇನ್ನಷ್ಟು ದಿನ ನೋಡ್ತೀನಿ" ಎಂದು ಗುಡ್ಡದ ಬುಡದಲ್ಲಿ ನಿಂತೇ ಇದ್ದಳು.

ದಿನವೂ ಮೀನು. ದಿನವೂ ಮಾಂಸ. ಜಡೆಯನ ಕೆನ್ನೆ ತುಂಬಿತು. ಬೊಮ್ಮಿ ಮಾತ್ರ ಸೊರಗಿದಳು. ನೀರಿಗೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟಳು. ಕೊಡ ತುಂಬಿಸುವಾಗ ಮೊದಲು ಒಂದು ಕಲ್ಲೆಸೆದು ನೋಡುತ್ತಿದ್ದಳು. ಕಲ್ಲು ಮುಳುಗುತ್ತಿತ್ತು, ಅಲೆ ಬಂದು ದಡ ಮುಟ್ಟುತ್ತಿತ್ತು, ಮತ್ತೆ ಎಲ್ಲ ಮೊದಲಿನಂತೆ.

ಮಡು ಸುಮ್ಮನಿತ್ತು.

ಒಂದು ದಿನ ಮೀನು ಹಿಡಿಯಲು ಮುಳುಗಿಸಿಟ್ಟ ಬಿದಿರುಬುಟ್ಟಿ ಅರ್ಧವೇ ಮೇಲೆ ಬಂತು. "ಬಂಡೆಗೆ ಸಿಕ್ಕಿರಬೇಕು" ಎಂದ ಜಡೆಯ. ಇನ್ನೊಂದು ದಿನ ಕಂದು ನಾಯಿ ಕೂಗಿದರೆ ಬರಲಿಲ್ಲ. "ಚಿರತೆ ಹೊತ್ತಿರಬೇಕು" ಎಂದ. ಬೊಮ್ಮಿ ದಡದುದ್ದಕ್ಕೂ ಹುಡುಕಿದಳು. ಒಂದು ಕಡೆ ಮರಳಿನ ಮೇಲೆ, ಯಾರೋ ದಪ್ಪನೆಯ ದಿಮ್ಮಿಯನ್ನು ನೀರಿಗೆ ಎಳೆದುಕೊಂಡು ಹೋದ ಹಾಗೆ ಅಗಲವಾದ ಗೆರೆಯಿತ್ತು. ಗೆರೆಯ ಎರಡೂ ಬದಿಗೆ ಉಗುರಿನ ಗುರುತುಗಳಿದ್ದವು.

ಆ ಸಂಜೆ ಅವಳು ಗಂಡನ ಕೈ ಹಿಡಿದಳು. "ಮೇಲೆ ಹೋಗೋಣ. ಗೆಣಸು ತಿಂದ್ಕೊಂಡಿರೋಣ."

"ತುಂಬಿದ ಮಡು ಬಿಟ್ಟು ಗೆಣಸು ಅಗೆಯೋಕೆ ಹೋಗ್ಬೇಕಾ?" ಜಡೆಯ ಕೈ ಬಿಡಿಸಿಕೊಂಡ. "ನಗ್ತಾರೆ ಕಣೇ."

"ಯಾರು ನಗ್ತಾರೆ? ಇಲ್ಲಿ ಯಾರಿದ್ದಾರೆ?"

ಜಡೆಯ ಬಿಲ್ಲು ಎತ್ತಿಕೊಂಡು ಹೆದೆ ಬಿಗಿಯತೊಡಗಿದ.

ಮಾರನೆಯ ದಿನ ಬಿಸಿಲು ನೆತ್ತಿಗೇರಿದ್ದಾಗ ಜಡೆಯ ಬೇಟೆಗೆ ಹೋಗಿದ್ದ. ಕೇತವ್ವ ಗುಡಿಸಲಲ್ಲಿ ತೂಕಡಿಸುತ್ತಿದ್ದಳು. ಕೂಸು ತಂಗಿ ಮತ್ತಿಯ ಕೊಂಬೆಯ ಜೋಲಿಯಲ್ಲಿ ಮಲಗಿತ್ತು. ಬೊಮ್ಮಿ ಸ್ವಲ್ಪ ದೂರದ ಬಂಡೆಯ ಮೇಲೆ ಮೀನು ಉಜ್ಜುತ್ತಿದ್ದಳು. ಒಮ್ಮೆಗೇ ಜೀರುಂಡೆಗಳ ಸದ್ದು ನಿಂತಿತು. ಎಲೆಯ ಸದ್ದೂ ನಿಂತಿತು.

ಬೊಮ್ಮಿ ತಲೆಯೆತ್ತಿದಳು. ಮಡುವಿನಲ್ಲಿ ಒಂದು ದಿಮ್ಮಿ ತೇಲಿ ಬರುತ್ತಿತ್ತು. ನೀರು ಹರಿಯುವ ದಿಕ್ಕಿಗಲ್ಲ, ಅದಕ್ಕೆ ಎದುರಾಗಿ. ಅದಕ್ಕೆ ಎರಡು ಕಣ್ಣಿದ್ದವು.

ದಿಮ್ಮಿ ದಡ ಹತ್ತಿತು. ಅವಳಿಗೂ ಜೋಲಿಗೂ ನಡುವೆ ಬಂದು ಹೊಟ್ಟೆ ಊರಿ ಮಲಗಿತು.

"ಹೆದರಬೇಡ ಮಗಳೇ" ಎಂದಿತು. ದನಿ ಮೆತ್ತಗಿತ್ತು, ಪಾಚಿಯ ಹಾಗೆ. "ನನ್ನ ಮೀನು ತಿಂದಿರಿ, ನಾನೇನಾದರೂ ಅಂದೆನಾ? ನನ್ನ ಜಿಂಕೆ ಹೊಡೆದಿರಿ, ಅಂದೆನಾ? ಕೂಸು ತುಸು ದುಂಡಗಾಗಲಿ ಅಂತ ಕಾಯುತ್ತಿದ್ದೆ. ನನಗೆ ಯಾವತ್ತೂ ಅವಸರವಿಲ್ಲ."

ಹೇಳಿ, ಜೋಲಿಯಿಂದ ಇಳಿಬಿದ್ದಿದ್ದ ಬಟ್ಟೆಯ ಚುಂಗನ್ನು ಬಾಯಲ್ಲಿ ಕಚ್ಚಿ, ಮೆಲ್ಲಗೆ ಎಳೆಯಿತು.

ತಂಗಿ ಮತ್ತಿ ನಡುಗಿದಳು. ಮಳೆಗಾಲ ಇನ್ನೂ ಬಂದಿರಲಿಲ್ಲ, ಬೇರು ಎಳೆಯದು. ಕಿತ್ತುಕೊಂಡು ಓಡಬಹುದಿತ್ತು. ಆದರೆ ಬೇರು ಕಿತ್ತರೆ ದಡ ಕುಸಿಯುತ್ತದೆ. ದಡ ಕುಸಿದರೆ ಜೋಲಿ ನೇರ ಮಡುವಿಗೆ. ಅವಳು ಓಡಲಿಲ್ಲ. ಸಿಕ್ಕ ಮಣ್ಣು, ಸಿಕ್ಕ ಕಲ್ಲು, ಎಲ್ಲವನ್ನೂ ಬೇರಿನಿಂದ ತಬ್ಬಿ ಹಿಡಿದಳು. ಬಾಗುತ್ತಿದ್ದ ಕೊಂಬೆಯನ್ನು ಮೇಲಕ್ಕೆ ಜಗ್ಗಿದಳು. ಹಿಡಿದ ಹಾಗೆಲ್ಲ ಅವಳ ಮೈಯ ಬಣ್ಣ ಇಳಿಯಿತು. ಬುಡದಿಂದ ತುದಿಯ ತನಕ ಭಯಕ್ಕೆ ಬಿಳಿಚಿಕೊಂಡಳು. ತೊಗಟೆ ಚಕ್ಕೆ ಚಕ್ಕೆಯಾಗಿ ಉದುರಿತು.

ನೀರಿನದು, ನೀರಿನದು ಎಂದು ಬೊಮ್ಮಿಯ ಮನಸ್ಸು ಬಡಿದುಕೊಳ್ಳುತ್ತಿತ್ತು. ನೀರಿನದು ಎಂದು ಕೂಗಿದರೆ ಯಾರು ಬರುತ್ತಾರೆ? ಮೀನೂ ನೀರಿನದೇ, ಕಪ್ಪೆಯೂ ನೀರಿನದೇ.

ಅವಳು ಹಿರಿಯರ ಮಾತು ಮೀರಿದಳು.

"ಮೊಸಳೆ!" ಎಂದು ಕಿರುಚಿದಳು. "ಮೊಸಳೆ! ಮೊಸಳೆ!"

ಆ ಕಾಡು ಆ ಹೆಸರನ್ನು ಕೇಳಿದ್ದು ಅದೇ ಮೊದಲು. ಗಾಳಿ ಅದನ್ನು ಎತ್ತಿಕೊಂಡು ಗುಡ್ಡಕ್ಕೆ ಓಡಿತು. ಮಿಂಚುಳ್ಳಿ ಕೂಗಿತು, ಜಿಂಕೆ ಕೂಗಿತು, ಗುಡ್ಡವೂ ತಿರುಗಿ ಕೂಗಿತು, ಮೊಸಳೆ. ಎಲ್ಲಿ ನೋಡಿದರೂ ಇದ್ದಂತಿದ್ದ ಆ ಭಯ ಈಗ ಒಂದೇ ಕಡೆ, ಬಿಸಿಲಿನಲ್ಲಿ, ಎಲ್ಲರ ಕಣ್ಣೆದುರಿಗೆ ಇತ್ತು.

ಮೊಸಳೆ ಒಂದು ಕ್ಷಣ ಎಳೆಯುವುದನ್ನು ಮರೆಯಿತು. ಅಷ್ಟರಲ್ಲಿ ಗುಡ್ಡದ ಬುಡದಿಂದ ಅಕ್ಕ ಮತ್ತಿ ಓಡಿ ಬಂದಳು. ಬಂದವಳೇ ಉದ್ದಕ್ಕೆ ಅದರ ಬೆನ್ನ ಮೇಲೆ ಬಿದ್ದಳು. ಮೊಸಳೆ ಹೊರಳಿತು, ಬಾಲ ಬಡಿಯಿತು. ಅಕ್ಕ ಬಿಡಲಿಲ್ಲ. ಹಸಿ ತೊಗಟೆಯನ್ನು ಆ ಒರಟು ಬೆನ್ನಿಗೆ ಒತ್ತಿ ಹಿಡಿದಳು. ಕೆಸರಿನ ಕಪ್ಪು ಅವಳ ಮೈಗೆಲ್ಲ ಹತ್ತಿತು.

ಬೊಮ್ಮಿ ಬಂಡೆಯಿಂದ ಹಾರಿ, ಬಡಿಯುತ್ತಿದ್ದ ಬಾಲವನ್ನು ದಾಟಿ, ಜೋಲಿಗೆ ಕೈ ಹಾಕಿ ಕೂಸನ್ನು ಸೆಳೆದುಕೊಂಡಳು. ಹಿಂದೆಯೇ ಬಟ್ಟೆ ಹರಿಯಿತು. ಮೊಸಳೆ ಖಾಲಿ ಜೋಲಿಯನ್ನು ಕಚ್ಚಿಕೊಂಡು ಮಡುವಿಗೆ ಜಾರಿತು.

ಕೂಗು ಕೇಳಿ ಜಡೆಯ ಓಡಿ ಬಂದಾಗ ದಡದ ತುಂಬ ಉದುರಿದ ತೊಗಟೆ. ಅವನು ಮರಳಿನ ಮೇಲಿನ ಗೆರೆ ನೋಡಿದ. ಹೆಂಡತಿಯ ತೋಳಿನಲ್ಲಿದ್ದ ಕೂಸನ್ನು ನೋಡಿದ. ಒಳಗೆ ಹೋಗಿ ಚಾಪೆ ಸುತ್ತಿದ.

ಕೇತವ್ವ ಕೋಲೂರಿಕೊಂಡು ಗುಡ್ಡದ ಕಡೆ ಹೊರಟೇಬಿಟ್ಟಿದ್ದಳು. "ಮೊದಲು ಇರುವೆ ಹುಡುಕು ಕಣವ್ವಾ" ಎಂದಳು ಸೊಸೆಗೆ. "ಇರುವೆ ಇದ್ದಲ್ಲಿ ಒಲೆ ಹೂಡೋಣ. ಇನ್ಮೇಲೆ ಅದೇ ಹಿರಿಯರ ಮಾತು. ಹಿರಿಯಳು ನಾನೇ ಹೇಳ್ತಿದ್ದೀನಲ್ಲ."

ಅಕ್ಕ ಮತ್ತಿ ಎದ್ದು ನಿಂತಳು. ಅವಳ ಮೈಮೇಲೆ ಮೊಸಳೆಯ ಬೆನ್ನು ಅಚ್ಚೊತ್ತಿತ್ತು, ಕಪ್ಪಗೆ, ಬಿರುಕು ಬಿರುಕಾಗಿ. "ಬಾ ತಂಗೀ, ಕಿತ್ತುಕೊಂಡು ಬಾ. ಮೇಲೆ ಹೋಗೋಣ."

ತಂಗಿ ಎಳೆದು ನೋಡಿದಳು. ಮತ್ತೆ ಎಳೆದಳು.

"ಆಗ್ತಿಲ್ಲ ಅಕ್ಕಾ. ಹೆದರಿ ಹಿಡಿದ ಹಿಡಿತ. ಬಿಡಿಸಿಕೊಳ್ಳೋಕೆ ಬರ್ತಿಲ್ಲ."

ಅಕ್ಕ ಬಹಳ ಹೊತ್ತು ತಂಗಿಯ ಪಕ್ಕದಲ್ಲೇ ನಿಂತಳು. ಕೊನೆಗೆ ಬಗ್ಗಿ, ತಂಗಿಯ ಕಾಲ ಬಳಿಯ ನೀರನ್ನು ಹೊಟ್ಟೆತುಂಬ ಕುಡಿದಳು. "ನಿನ್ನ ಹೊಳೆಯನ್ನಾದರೂ ಒಯ್ತೀನಿ" ಎಂದಳು. ಆಮೇಲೆ ಬೊಮ್ಮಿಯ ಹಿಂದೆ ಗುಡ್ಡ ಹತ್ತಿದಳು. ಈ ಸುದ್ದಿ ಕಾಡೆಲ್ಲ ಹಬ್ಬಿತು. ಕೇಳಿದ ಮರಗಳೆಲ್ಲ ಹೆದರಿ, ಎಲ್ಲಿದ್ದವೋ ಅಲ್ಲೇ ಬೇರಿಳಿಸಿ ನಿಂತುಬಿಟ್ಟವು. ಆಮೇಲೆ ಲೋಕದ ಹಸಿ ಆರಿತು, ಬಿದ್ದ ಗುರುತುಗಳೆಲ್ಲ ಹಾಗೇ ಉಳಿದವು.

ಅದಕ್ಕೇ ನೋಡು, ಗುಡ್ಡದ ಮೇಲಿನ ಕರಿಮತ್ತಿಗೆ ಇವತ್ತಿಗೂ ಮೊಸಳೆಯ ಬೆನ್ನಿನ ತೊಗಟೆ, ಕಡುಬೇಸಿಗೆಯಲ್ಲೂ ಆ ಮರದ ಹೊಟ್ಟೆಯೊಳಗೆ ನೀರು. ಅದಕ್ಕೇ ಗುಡ್ಡದ ಜನ ಮೀನಿಗೆಂದು ಹೊಳೆಗೆ ಇಳಿದರೂ ಹೊತ್ತು ಮುಳುಗುವ ಮುಂಚೆ ಮೇಲೆ ಹತ್ತಿಬಿಡುತ್ತಾರೆ. ಮಡು ಸುಮ್ಮನಿದೆ, ಅದಕ್ಕೆ ಅವಸರವಿಲ್ಲ. ನೀನು ಹೊಳೆಯ ದಡಕ್ಕೆ ಹೋದಾಗ, ಕಲ್ಲನ್ನೂ ಮಣ್ಣನ್ನೂ ಬೇರಿನಿಂದ ತಬ್ಬಿಕೊಂಡು ನಿಂತ ಬಿಳಿ ಮೈಯ ಹೊಳೆಮತ್ತಿ ಕಂಡರೆ ಒಮ್ಮೆ ಅಂಗೈಯಿಟ್ಟು ನೋಡು, ಎಂಥ ಬಿಸಿಲಿನಲ್ಲೂ ಅವಳ ಮೈ ಇನ್ನೂ ತಣ್ಣಗೇ ಇರುತ್ತದೆ.